ಹೆತ್ತವರಿಗೆ ಮುದ್ದಾದ ಹೆಗ್ಗಣ

ಮೊದಲು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಮೊಣಕಾಲು ತಾಗುವ ಜಾಗವನ್ನು ನೋಡಿ. ಹತ್ತಾರು ವರ್ಷ ನಿಜವಾಗಿ ಓಡಿದ ಬೈಕಾದರೆ ಅಲ್ಲಿ ಬಣ್ಣ ಸವೆದು, ಒಳಗಿನ ತಗಡು ತೇದ ಕಂಚಿನ ಹಾಗೆ ಹೊಳೆಯುತ್ತಿರುತ್ತದೆ. ಸವೆದ ಜಾಗದ ಅಂಚಿನಲ್ಲಿ ಬಣ್ಣದ ಪದರಗಳು ಒಂದರ ಕೆಳಗೊಂದು ಕಾಣುತ್ತವೆ: ಮೇಲೆ ಮಾಸಿದ ಕಪ್ಪು, ಅದರಡಿ ಹಿಂದಿನ ಮಾಲೀಕ ಹೊಡೆಸಿದ ನೀಲಿ, ಅದರಡಿ ಕಂಪನಿಯ ಕೆಂಪು, ಕೊನೆಗೆ ಬೂದು ಪ್ರೈಮರ್. ಹಳೆಯ ಮನೆಯ ಹೊಸ್ತಿಲು ಕಾಲಿಟ್ಟ ಕಡೆ ಮಾತ್ರ ತಗ್ಗಾಗುತ್ತದೆಯಲ್ಲ, ಹಾಗೆ. ಇನ್ನೊಂದು ಬೈಕು ನೋಡಿ. ಅದರ ಟ್ಯಾಂಕಿನ ಬಣ್ಣವೂ ಹೋಗಿದೆ, ಆದರೆ ಯಾರ ಮೊಣಕಾಲೂ ಮುಟ್ಟದ ನೆತ್ತಿಯ ಮೇಲೆ ಹೋಗಿದೆ. ತುಕ್ಕು ಎಲ್ಲ ಕಡೆಯೂ ಒಂದೇ ಹದದಲ್ಲಿ ಇದೆ, ಬೂಟಿನ ಉಜ್ಜಾಟಕ್ಕೆ ಬೆಳ್ಳಗಾಗಬೇಕಿದ್ದ ಗೇರ್ ಲಿವರಿನ ಮೇಲೂ. ಇದು ಸವೆದದ್ದಲ್ಲ, ಯಾರೋ ಕುಳಿತು ಉಪ್ಪುಕಾಗದ ಹಿಡಿದು ಸವೆಸಿದ್ದು.

ರ‍್ಯಾಟ್ ಬೈಕ್ ಎಂಬ ಹೆಸರಿನ ಸುತ್ತ ನಡೆಯುವ ಜಗಳವೆಲ್ಲ ಈ ಎರಡು ಟ್ಯಾಂಕುಗಳ ಜಗಳ. ರ‍್ಯಾಟ್ ಎಂದರೆ ಇಲಿ ಎನ್ನುವುದಕ್ಕಿಂತ ಹೆಗ್ಗಣ ಎನ್ನುವುದೇ ಇಲ್ಲಿ ಒಪ್ಪುತ್ತದೆ. ಚರಂಡಿಯಲ್ಲಿ ಓಡಾಡಿಕೊಂಡು, ಸಿಕ್ಕಿದ್ದನ್ನು ತಿಂದು, ಸುಲಭಕ್ಕೆ ಸಾಯದೆ ಬದುಕುವ ಪ್ರಾಣಿ. ಆದಷ್ಟು ಕಡಿಮೆ ಖರ್ಚಿನಲ್ಲಿ, ಕೈಗೆ ಸಿಕ್ಕ ಬಿಡಿಭಾಗಗಳನ್ನೇ ಹಾಕಿ, ಅಂದಚಂದದ ಗೊಡವೆಗೆ ಹೋಗದೆ ಓಡಿಸುತ್ತಲೇ ಇರುವ ಮೋಟಾರ್ ಸೈಕಲ್ಲಿಗೆ ಈ ಹೆಸರು. ಈ ವಿವರಣೆಯಲ್ಲಿ ತೂಕವಿರುವ ಮಾತು ‘ಓಡಿಸುತ್ತಲೇ’ ಎನ್ನುವುದು. ಹಿತ್ತಲಿನಲ್ಲಿ ನುಗ್ಗೆಮರಕ್ಕೆ ಒರಗಿಸಿಟ್ಟು ಮಳೆಗೆ ಬಿಟ್ಟ ಗಾಡಿ ಎಷ್ಟೇ ಕುರೂಪವಾಗಿರಲಿ, ಅದು ಹೆಗ್ಗಣವಲ್ಲ, ಗುಜರಿ.

ಅಮೆರಿಕದಲ್ಲೂ ಜರ್ಮನಿಯಲ್ಲೂ ಈ ಸಂತತಿ ಇದೆ. ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ಬ್ರಿಟನ್ನಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಕಲ್ಲುಪ್ಪು ಎರಚುತ್ತಾರೆ. ಉಪ್ಪು ಬೆರೆತ ನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆಯಾದ್ದರಿಂದ ಉಪ್ಪು ಅದಕ್ಕೆ ತುಪ್ಪ ಸುರಿದಂತೆ. ಸೈಲೆನ್ಸರಿನ ಕ್ರೋಮ್ ಮೊದಲು ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಎಂಜಿನ್ನಿಗೆ ಉಕ್ಕಿನ ಬೋಲ್ಟು ಸೇರುವ ಕಡೆ ಕತೆ ಇನ್ನೂ ಕೆಟ್ಟದು: ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಅಲ್ಲಿ ಬಿಳಿ ಪುಡಿ ಊದಿಕೊಂಡು ಬೋಲ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ.

ಹೀಗೆ ನಾಲ್ಕಾರು ಚಳಿಗಾಲ ಕಂಡ ಜಪಾನಿನ ಬೈಕುಗಳು 1980ರ ದಶಕದ ಹೊತ್ತಿಗೆ ಬ್ರಿಟನ್ನಿನಲ್ಲಿ ಬೇಕಾದಷ್ಟಿದ್ದವು. ಮೈಯೆಲ್ಲ ಹುಳುಕು, ಎಂಜಿನ್ ಮಾತ್ರ ಗಟ್ಟಿ. ಹೊಸ ಸೈಲೆನ್ಸರ್ ಜೋಡಿ ಹಾಕಿಸಿದರೆ ಬೈಕಿನ ಬೆಲೆಯನ್ನೇ ಮೀರುತ್ತದೆ. ಲೆಕ್ಕ ಬಲ್ಲವನು ಈ ಹಂತದಲ್ಲಿ ಅದನ್ನು ಮಾರುತ್ತಾನೆ. ಕೊಳ್ಳುವವನ ಲೆಕ್ಕ ಬೇರೆ: ತೂತು ಬಿದ್ದ ಕಡೆ ಬೇಯಿಸಿದ ಬೀನ್ಸಿನ ಖಾಲಿ ಡಬ್ಬವನ್ನು ಕತ್ತರಿಸಿ ಸುತ್ತಿ, ಎರಡು ಹೋಸ್ ಕ್ಲಿಪ್ ಬಿಗಿದರೆ ಸದ್ಯಕ್ಕೆ ಆಯಿತಲ್ಲ? ಈ ‘ಸದ್ಯಕ್ಕೆ’ ಎಂಬ ಪದವೇ ಹೆಗ್ಗಣದ ಹುಟ್ಟು. ನಮ್ಮಲ್ಲೂ ಗ್ಯಾರೇಜಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ಅದು. ವ್ಯತ್ಯಾಸವೇನೆಂದರೆ, ಉಳಿದವರ ‘ಸದ್ಯಕ್ಕೆ’ ಸಂಬಳ ಬಂದ ದಿನ ಮುಗಿಯುತ್ತದೆ. ಹೆಗ್ಗಣದ ಮಾಲೀಕನ ‘ಸದ್ಯಕ್ಕೆ’ ಮುಗಿಯುವುದೇ ಇಲ್ಲ; ಹಣ ಬಂದ ಮೇಲೂ ಆ ಡಬ್ಬ ಅಲ್ಲೇ ಇರುತ್ತದೆ. ಅದರ ಮೇಲೆ ಇನ್ನೊಂದು ‘ಸದ್ಯಕ್ಕೆ’ ಕೂರುತ್ತದೆ.

ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆಂದು ಇದ್ದಾಗ ನನ್ನ ಬೀದಿಯಲ್ಲೇ ಅಂಥ ಒಂದು ಗಾಡಿ ನಿಲ್ಲುತ್ತಿತ್ತು: ಹೋಂಡಾ ಸಿಎಕ್ಸ್ 500. ಈ ಮಾದರಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. 1978ರಲ್ಲಿ ಮಾರುಕಟ್ಟೆಗೆ ಬಂದದ್ದು. 497 ಸಿಸಿ, ಎರಡು ಸಿಲಿಂಡರುಗಳು ಇಕ್ಕೆಲಕ್ಕೆ ಕೊಂಬಿನ ಹಾಗೆ ಚಾಚಿಕೊಂಡ ವಿ ಆಕಾರದ ಎಂಜಿನ್, ಅದನ್ನು ತಂಪಾಗಿಡಲು ಕಾರಿನಂತೆ ರೇಡಿಯೇಟರ್. ಹಿಂದಿನ ಚಕ್ರವನ್ನು ತಿರುಗಿಸಲು ಚೈನು ಇಲ್ಲ, ಶಾಫ್ಟ್ ಎಂಬ ತಿರುಗುವ ದಂಡ ಇದೆ. ಚಕ್ರಗಳಿಗೆ ಟ್ಯೂಬ್ ಇಲ್ಲದ ಟೈರು. ನೋಡಲು ಚೆನ್ನಾಗಿರಲಿಲ್ಲ, ಉಬ್ಬಿದ ಹೊಟ್ಟೆಯ ಈ ಗಾಡಿಗೆ ಬ್ರಿಟನ್ನಿನವರು ಇಟ್ಟ ಅಡ್ಡಹೆಸರು ‘ಪ್ಲಾಸ್ಟಿಕ್ ಹುಳು’. ಆದರೆ ಆಗಿನ ಲಂಡನ್ನಿನಲ್ಲಿ ಕಾಗದಪತ್ರ, ಫಿಲ್ಮ್ ರೀಲು, ರಕ್ತದ ಮಾದರಿಗಳನ್ನು ಹೊತ್ತು ಬೆಳಗಿನಿಂದ ರಾತ್ರಿಯವರೆಗೆ ಬೈಕಿನ ಮೇಲೇ ಇರುತ್ತಿದ್ದ ಕೊರಿಯರ್ ಸವಾರರಿಗೆ ಇದೇ ಬೇಕಾಗಿತ್ತು. ಚೈನಿಗೆ ಎಣ್ಣೆ ಹಾಕುವ ಕೆಲಸವಿಲ್ಲ, ಪಂಕ್ಚರ್ ಆದರೆ ಬೀದಿ ಬದಿಯಲ್ಲೇ ತುಂಡು ರಬ್ಬರ್ ತುರುಕಿ ಹೊರಡಬಹುದು. ಡೆಲಿವರಿ ಒಂದಕ್ಕೆ ಇಷ್ಟು ಎಂದು ದುಡಿಯುವವನಿಗೆ ಬೈಕು ನಿಂತ ದಿನ ಕೂಲಿಯೂ ಇಲ್ಲ. ತೊಳೆಯುವ ಹೊತ್ತು ಎಲ್ಲಿಂದ ಬರಬೇಕು? ಹೀಗೆ ಲಂಡನ್ನಿನ ಕೊರಿಯರ್ ಬೈಕುಗಳು ಯಾರೂ ಬಯಸದೆಯೇ ಹೆಗ್ಗಣಗಳಾದವು.

ನಮ್ಮ ಬೀದಿಯ ಗಾಡಿಯ ಮಾಲೀಕ ಕೂಡ ಹಳೆಯ ಕೊರಿಯರ್ ಸವಾರ. ನಾನು ನೋಡುವ ಹೊತ್ತಿಗೆ ಬೇರೆ ನೌಕರಿ, ಸ್ವಂತ ಮನೆ, ಮನೆಯ ಮುಂದೆ ಚೊಕ್ಕದೊಂದು ಕಾರು ಎಲ್ಲ ಇದ್ದವು. ಬೈಕು ಮಾತ್ರ ಅದೇ. ಇಂಡಿಕೇಟರುಗಳು ನಾಲ್ಕು, ಜಾತಿ ಮೂರು. ಸೈಲೆನ್ಸರಿನ ಹಿಂಭಾಗ ಖಾಲಿಯಾದ ಅಗ್ನಿಶಾಮಕ ಸಿಲಿಂಡರಿನದು. ಕೆಂಪು ಬಣ್ಣ ಸುಟ್ಟು ಕಂದಾಗಿತ್ತು. ಪಕ್ಕದ ಮುಚ್ಚಳವೊಂದು ಕೇಕ್ ಬೇಯಿಸುವ ತಟ್ಟೆ. ಸೀಟಿನ ಮೇಲೆ ಕಪ್ಪು ಟೇಪನ್ನು ಎಷ್ಟು ಸುತ್ತು ಸುತ್ತಿದ್ದನೋ, ಕೆಳಗೆ ಮೂಲ ರೆಕ್ಸಿನ್ ಉಳಿದಿತ್ತೋ ಇಲ್ಲವೋ ಅವನಿಗೇ ಮರೆತಿತ್ತು. ಸೈಡ್ ಸ್ಟ್ಯಾಂಡಿನ ಪಾದಕ್ಕೆ ಅಂಗೈ ಅಗಲದ ಕಬ್ಬಿಣದ ತುಂಡನ್ನು ವೆಲ್ಡ್ ಮಾಡಿದ್ದ. ಬೇಸಿಗೆಯ ಮೆತ್ತನೆಯ ಹುಲ್ಲಿನಲ್ಲಿ ನಿಲ್ಲಿಸಿದಾಗ ಒಮ್ಮೆ ಬೈಕು ಹೂತು ಮಗುಚಿಕೊಂಡಿತ್ತಂತೆ, ಮಾರನೆಯ ದಿನವೇ ಆ ತುಂಡು ಬಂತು. ಯಾವುದರ ಮೇಲೆ ಬೆರಳಿಟ್ಟರೂ ಅವನ ಬಳಿ ಒಂದು ದಿನ, ಒಂದು ಜಾಗ, ಒಂದು ಕಾರಣ ಇರುತ್ತಿತ್ತು.

ಎಂಜಿನ್ನಿನ ಮೇಲೆ, ನಂಬರಿನ ಪಕ್ಕದಲ್ಲಿ ಮೂರು ಸಣ್ಣ ಚುಕ್ಕೆಗಳನ್ನು ತೋರಿಸಿದ. ಮೊದಮೊದಲ ಸಿಎಕ್ಸ್‌ಗಳಲ್ಲಿ, ಎಂಜಿನ್ನಿನ ಒಳಗೆ ಕವಾಟಗಳನ್ನು ಆಡಿಸುವ ಕ್ಯಾಮ್ ಚೈನನ್ನು ಬಿಗಿಯಾಗಿಡುವ ಭಾಗ ದುರ್ಬಲವಾಗಿತ್ತು. ಕಂಪನಿ ಗಾಡಿಗಳನ್ನು ವಾಪಸು ಕರೆಸಿ ಸರಿಪಡಿಸಿ, ಸರಿಪಡಿಸಿದ್ದಕ್ಕೆ ಗುರುತಾಗಿ ಈ ಚುಕ್ಕೆ ಹೊಡೆಯುತ್ತಿತ್ತು. ಗುಜರಿಯಲ್ಲಿ ಎಂಜಿನ್ ಆರಿಸುವಾಗ ಆತ ಟಾರ್ಚು ಹಿಡಿದು ಮೊದಲು ಹುಡುಕುತ್ತಿದ್ದದ್ದು ಇದನ್ನೇ. ಅದು ಅವನ ಮೂರನೆಯ ಎಂಜಿನ್. ಈ ಮಾದರಿಯಲ್ಲಿ ಬ್ಯಾಟರಿಗೆ ಚಾರ್ಜು ಕೊಡುವ ಸ್ಟೇಟರ್ ಎಂಬ ತಾಮ್ರದ ಸುರುಳಿಗಳ ಬಿಲ್ಲೆ ಎಂಜಿನ್ನಿನ ಹಿಂಬದಿಯಲ್ಲಿ ಅಡಗಿದೆ. ಅದು ಸುಟ್ಟರೆ ಇಡೀ ಎಂಜಿನ್ ಕೆಳಗಿಳಿಸದೆ ಬದಲಿಸಲು ಬರುವುದಿಲ್ಲ. ಹೇಗೂ ಇಳಿಸಬೇಕು, ಇನ್ನೊಂದನ್ನೇ ಏರಿಸಿಬಿಡೋಣ ಎಂಬುದು ಆತನ ತರ್ಕ.

ಆಮೇಲೆ ಕ್ಲಚ್ ಲಿವರ್ ಹಿಡಿದು ನೋಡು ಎಂದ. ಲಿವರ್ ಬೇರೆ ಯಾವುದೋ ಬೈಕಿನದು, ಅರದಿಂದ ಉಜ್ಜಿ ಕೂರಿಸಿದ ಗಾಯದ ಗುರುತು ಎದ್ದು ಕಾಣುತ್ತಿತ್ತು. ಎಳೆದರೆ ಬೆಣ್ಣೆ. ಕೇಬಲ್ಲಿಗೆ ಎಣ್ಣೆ ಇತ್ತು, ತಿರುಗಣೆಗೆ ಗ್ರೀಸ್ ಇತ್ತು. ಬೋಲ್ಟೊಂದನ್ನು ಬಿಚ್ಚಿದ, ತಲೆಯ ಮೇಲೆ ತುಕ್ಕು, ಒಳಗಿನ ತಿರುಪಿನ ಗೀರುಗಳಲ್ಲಿ ತಾಮ್ರದ ಗ್ರೀಸ್ ಹೊಳೆಯುತ್ತಿತ್ತು. ಎರಡೂ ಟೈರುಗಳು ಹೊಚ್ಚಹೊಸವು, ಅದೂ ದುಬಾರಿ ಕಂಪನಿಯವು. ಬ್ರೇಕ್ ಪ್ಯಾಡುಗಳೂ ಹೊಸವು. ನನಗೆ ಗುಟ್ಟು ತಿಳಿದದ್ದು ಆಗಲೇ. ಕೊಳಕು ಹೊರಗಿನದು, ಕಣ್ಣಿಗೆ ಬೀಳುವುದು. ಕೈ ತಾಗುವ, ರಸ್ತೆ ತಾಗುವ, ಪ್ರಾಣಕ್ಕೆ ತಾಗುವ ಕಡೆ ಒಂದಿಷ್ಟೂ ಅಲಕ್ಷ್ಯವಿರಲಿಲ್ಲ. ಸವೆದು ಬೋಳಾದ ಟೈರು, ಸೋರುವ ಬ್ರೇಕಿನ ಬೈಕನ್ನು ತಂದು ನಿಲ್ಲಿಸಿ ‘ಇದು ನನ್ನ ರ‍್ಯಾಟ್’ ಎನ್ನುವವರನ್ನೂ ನೋಡಿದ್ದೇನೆ. ಅದಕ್ಕೆ ಸೋಮಾರಿತನ ಎಂಬ ಹಳೆಯ ಹೆಸರೇ ಇದೆ.

ಈ ಕಟ್ಟುನಿಟ್ಟಿನ ಹಿಂದೆ ಕಾನೂನೂ ಇದೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ವಾಹನ ವರ್ಷಕ್ಕೊಮ್ಮೆ ಎಂಒಟಿ ಎಂಬ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. 1960ರಿಂದ ನಡೆದು ಬಂದ ಪದ್ಧತಿ. ಬ್ರೇಕು, ದೀಪ, ಹಾರನ್, ಹ್ಯಾಂಡಲ್ಲಿನ ಬೇರಿಂಗು, ಚಕ್ರದ ಬೇರಿಂಗು ಎಲ್ಲವನ್ನೂ ಅಲುಗಿಸಿ ನೋಡುತ್ತಾರೆ. ಟೈರಿನ ಗೀರು ಕನಿಷ್ಠ 1 ಮಿಲಿಮೀಟರ್ ಆಳವಿರಬೇಕು. ಚೂಪಾದ ತಗಡು ಚಾಚಿಕೊಂಡಿದ್ದರೆ ಅನುತ್ತೀರ್ಣ. ಬೈಕು ಕುರೂಪವಾಗಿದೆಯೆಂದು ಯಾರನ್ನೂ ಅನುತ್ತೀರ್ಣ ಮಾಡುವುದಿಲ್ಲ. ಆದರೆ ಒಂದು ಸ್ವಾರಸ್ಯದ ನಿಯಮವಿದೆ: ಪರೀಕ್ಷಿಸಲಾಗದಷ್ಟು ಕೊಳಕಾಗಿದ್ದರೆ ತಪಾಸಣೆಗೇ ತೆಗೆದುಕೊಳ್ಳದೆ ವಾಪಸು ಕಳಿಸಬಹುದು. ಹೆಗ್ಗಣದ ಮಾಲೀಕರ ವಾರ್ಷಿಕ ಸಂಕಟ ಅದು.

ತುಕ್ಕಿನ ವಿಷಯಕ್ಕೂ ಇದೇ ವಿವೇಕ ಬೇಕು. ಮೇಲ್ಮೈಯ ಕೆಂಪು ಧೂಳು ಏನೂ ಮಾಡುವುದಿಲ್ಲ ಎನ್ನುವುದು ಅರ್ಧ ಸತ್ಯ. ಕಬ್ಬಿಣದ ತುಕ್ಕು ಅಲ್ಯೂಮಿನಿಯಂ ಮೇಲಿನ ಪದರದಂತೆ ಒಳಗಿನದನ್ನು ಕಾಯುವುದಿಲ್ಲ. ಅದು ಸ್ಪಂಜಿನ ಹಾಗೆ, ನೀರು ಹಿಡಿದಿಟ್ಟುಕೊಂಡು ಇನ್ನಷ್ಟು ಒಳಗೆ ತಿನ್ನುತ್ತದೆ. ಅದಕ್ಕೇ ತಿಳಿದವರು ಚಳಿಗಾಲಕ್ಕೆ ಮುಂಚೆ ಚೌಕಟ್ಟಿಗೆಲ್ಲ ಎಣ್ಣೆ ಬಳಿಯುತ್ತಾರೆ, ಅದಕ್ಕೆ ಧೂಳು ಮೆತ್ತಿ ಒಂದು ತೊಗಟೆಯಾಗುತ್ತದೆ. ಆ ತೊಗಟೆ ತೊಳೆಯದೇ ಬಿಟ್ಟ ಕೊಳೆಯೂ ಹೌದು, ಕವಚವೂ ಹೌದು. ಹೆದರಬೇಕಾದದ್ದು ಚೌಕಟ್ಟಿನ ಕೊಳವೆಯೊಳಗೆ ನೀರು ನಿಂತು ಒಳಗಿನಿಂದ ಹಿಡಿಯುವ ತುಕ್ಕಿಗೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕೊಳವೆ ಟಣ್ ಎನ್ನುತ್ತದೆ, ಹುಳುಕಾದದ್ದು ಮಂಕಾಗಿ ದಪ್ ಎನ್ನುತ್ತದೆ, ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ.

ಇನ್ನು ಕಪ್ಪು ಬಣ್ಣ. ಹೊಳಪಿಲ್ಲದ ಕಪ್ಪು ಈಗ ಹೆಗ್ಗಣದ ಸಮವಸ್ತ್ರವೇ ಆಗಿಬಿಟ್ಟಿದೆ, ಆದರೆ ಅದು ಬಂದದ್ದು ಶೋಕಿಗಲ್ಲ. ನಾಲ್ಕು ಬೈಕುಗಳಿಂದ ತಂದ ನಾಲ್ಕು ಬಣ್ಣದ ಭಾಗಗಳನ್ನು ಒಂದೇ ಡಬ್ಬಿಯ ಸ್ಪ್ರೇನಲ್ಲಿ ಒಂದು ಮಾಡಬೇಕಾದರೆ ಕಪ್ಪಿನಷ್ಟು ಅಗ್ಗದ, ಎಲ್ಲೆಡೆ ಸಿಗುವ ಬಣ್ಣ ಬೇರೆ ಇಲ್ಲ. ಹೊಳಪಿಲ್ಲದಿರುವುದಕ್ಕೆ ಕಾರಣ ಬೆಳಕು. ಹೊಳೆಯುವ ಮೈ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ತಗ್ಗು ಬಿದ್ದ ಕಡೆ ಪ್ರತಿಬಿಂಬ ಸೊಟ್ಟಗಾಗಿ ಎಲ್ಲರಿಗೂ ಕಾಣುತ್ತದೆ. ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ತಗ್ಗು, ಪುಟ್ಟಿ, ವೆಲ್ಡಿಂಗಿನ ಗಂಟು ಎಲ್ಲವೂ ಮರೆಯಾಗುತ್ತವೆ. ಒಲೆಗೆ ಬಳಿಯುವ ಶಾಖ ತಡೆಯುವ ಕಪ್ಪನ್ನೇ ಸೈಲೆನ್ಸರಿಗೂ ಹೊಡೆದರೆ ಕೆಲಸ ಮುಗಿಯಿತು.

ಗೊಂದಲ ಹುಟ್ಟಿದ್ದೂ ಈ ಕಪ್ಪಿನಿಂದಲೇ. 1979ರಲ್ಲಿ ಆಸ್ಟ್ರೇಲಿಯಾದ ಮ್ಯಾಡ್ ಮ್ಯಾಕ್ಸ್ ಚಿತ್ರ ಬಂತು, 1981ರಲ್ಲಿ ಅದರ ಎರಡನೆಯ ಭಾಗ. ನಾಗರಿಕತೆ ಕುಸಿದ ಮೇಲೆ ಮರುಭೂಮಿಯಲ್ಲಿ ಪೆಟ್ರೋಲಿಗಾಗಿ ಹೊಡೆದಾಡುವವರ ಆ ಗಾಡಿಗಳನ್ನು ಕಂಡು ಅದೇ ಛಾಯೆಯಲ್ಲಿ ಬೈಕು ಕಟ್ಟುವ ಗೀಳು ಹುಟ್ಟಿತು. ಅವಕ್ಕೆ ಸರ್ವೈವಲ್ ಬೈಕ್ ಎಂದು ಹೆಸರು: ಕಪ್ಪು ಮೈ, ಸೇನೆಯ ಮದ್ದುಗುಂಡಿನ ಪೆಟ್ಟಿಗೆ, ಮೊಳೆ, ತಲೆಬುರುಡೆ, ಬಲೆ. ದೂರದಿಂದ ಎರಡೂ ಒಂದೇ. ಹತ್ತಿರ ಹೋದರೆ ಸರ್ವೈವಲ್ ಬೈಕಿನಲ್ಲಿ ನೋಟ ಮೊದಲು, ಕಾರಣ ಆಮೇಲೆ. ಆ ಪೆಟ್ಟಿಗೆಯನ್ನು ಹುಡುಕಿ ಕೊಂಡು ತಂದಿರುತ್ತಾರೆ. ಹೆಗ್ಗಣದ ಮೇಲೂ ಮದ್ದುಗುಂಡಿನ ಪೆಟ್ಟಿಗೆ ಇರಬಹುದು, ಸೈನ್ಯದ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು, ನೀರು ಒಳಗೆ ಹೋಗುವುದಿಲ್ಲ, ಊಟದ ಡಬ್ಬಿ ಹಿಡಿಸುತ್ತದೆ ಎಂಬ ಕಾರಣಕ್ಕೆ. ಸರ್ವೈವಲ್ ಬೈಕುಗಳನ್ನು ನಾನು ಹಳಿಯುವುದಿಲ್ಲ. ಅವು ನಾಟಕದ ವೇಷ, ಒಳ್ಳೆಯ ವೇಷ ಕಟ್ಟುವುದಕ್ಕೂ ಕೈಚಳಕ ಬೇಕು. ನನ್ನ ತಕರಾರು ಕಾರ್ಯಾಗಾರಕ್ಕೆ ಹಣ ಕೊಟ್ಟು ಹೊಸ ಟ್ಯಾಂಕಿಗೆ ತುಕ್ಕಿನ ಬಣ್ಣ ಹೊಡೆಸಿ, ಅದರ ಮೇಲೆ ತುಕ್ಕು ಹರಡದಿರಲೆಂದು ಪಾರದರ್ಶಕ ಲ್ಯಾಕರ್ ಬಳಿಸುವವರ ಬಗ್ಗೆ. ತುಕ್ಕಿಗೆ ತುಕ್ಕು ಹಿಡಿಯದಂತೆ ಕಾಪಾಡುವ ಆ ಜಾಣತನಕ್ಕೆ ಏನನ್ನಬೇಕೋ ತಿಳಿಯದು.

ಊರಿಗೆ ಬಂದಾಗ ಇದನ್ನೆಲ್ಲ ಹೇಳಿದರೆ ಗೆಳೆಯರು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ನಮ್ಮ ಹಾಲಿನವನ ಟಿವಿಎಸ್ ಮೊಪೆಡ್ ಏನು? ಕೇಳತಕ್ಕ ಪ್ರಶ್ನೆಯೇ. ಮಂಡ್ಯದ ಕಡೆ ನಸುಕಿನಲ್ಲಿ ನಾಲ್ಕು ಕ್ಯಾನು ನೇತುಹಾಕಿಕೊಂಡು ಬರುವ ಆ ಗಾಡಿಗೆ ಸೀಟಿನ ಜಾಗದಲ್ಲಿ ಗೋಣಿಚೀಲ, ಮಡ್‌ಗಾರ್ಡಿಗೆ ಬೈಂಡಿಂಗ್ ವೈರು, ಫುಟ್‌ರೆಸ್ಟಿನ ರಬ್ಬರ್ ಹೋದ ಕಡೆ ಸೈಕಲ್ ಟ್ಯೂಬು. ಪ್ರತಿಯೊಂದಕ್ಕೂ ಕಾರಣವಿದೆ, ದಿನವೂ ಓಡುತ್ತದೆ. ಮೈಯಲ್ಲಿ ಅದು ಅಪ್ಪಟ ಹೆಗ್ಗಣ. ಆದರೆ ಅವನಿಗೆ ಹಾಗೆಂದು ಹೇಳಿ ನೋಡಿ! ಆಯುಧಪೂಜೆಯ ದಿನ ಆ ಮೊಪೆಡ್ಡನ್ನು ಕೆರೆಗೆ ಹೊಡೆದುಕೊಂಡು ಹೋಗಿ ತಿಕ್ಕಿ ತೊಳೆದು, ವಿಭೂತಿ ಬಳಿದು, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಓಡಿಸುವವನು ಅವನು. ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಮೊದಲು ಹೊಸ ಸೀಟು ಹಾಕಿಸುತ್ತಾನೆ. ಅವನ ‘ಸದ್ಯಕ್ಕೆ’ ನಿಜವಾಗಿಯೂ ಸದ್ಯಕ್ಕೆ. ಹಣವಿಲ್ಲದ್ದಕ್ಕೆ ಹುಟ್ಟಿ, ಹಣ ಬಂದ ಮೇಲೂ ಬಿಡದೆ ಇಟ್ಟುಕೊಂಡದ್ದು ಮಾತ್ರ ರ‍್ಯಾಟ್ ಬೈಕ್ ಎಂದು ನಾನು ವಾದಿಸುವುದು ಇದಕ್ಕೇ. ಮ್ಯಾಂಚೆಸ್ಟರಿನ ಆ ಕೊರಿಯರ್ ಸವಾರ ಇಪ್ಪತ್ತೈದರ ವಯಸ್ಸಿನಲ್ಲಿ ಹಾಲಿನವನೇ ಆಗಿದ್ದ. ಐವತ್ತರಲ್ಲಿ ಹೆಗ್ಗಣದ ಯಜಮಾನನಾದ. ಬೈಕು ಬದಲಾಗಿರಲಿಲ್ಲ.

ನಮ್ಮಲ್ಲಿ ಬೇಕೆಂದೇ ಹೆಗ್ಗಣ ಸಾಕುವವರಿಗೆ ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ನೋಂದಣಿ ಪತ್ರದಲ್ಲಿ ಬಣ್ಣವೂ ದಾಖಲಾಗಿರುತ್ತದೆ. ಹದಿನೈದು ವರ್ಷ ದಾಟಿದ ಬೈಕನ್ನು ಐದೈದು ವರ್ಷಕ್ಕೆ ತಪಾಸಣೆಗೆ ಒಯ್ದು ನವೀಕರಿಸಬೇಕು. ಜರ್ಮನಿಯದು ಇನ್ನೂ ಬಿಗಿ: ಎರಡು ವರ್ಷಕ್ಕೊಮ್ಮೆ ತಪಾಸಣೆ, ಮುಖ್ಯವಾದ ಬದಲಾವಣೆಗಳಿಗೆಲ್ಲ ಕಾಗದದಲ್ಲಿ ಒಪ್ಪಿಗೆ. ಅಲ್ಲಿನ ಹೆಗ್ಗಣಗಳಿಗೆ ಬೈಕಿಗಿಂತ ಕಡತ ದಪ್ಪ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಮೂಲ ಸ್ವರೂಪ ತೀರಾ ಬದಲಾಗದ ವಾಹನಗಳಿಗೆ ಎಂಒಟಿ ಕಡ್ಡಾಯವಲ್ಲ. ಅವು ಐತಿಹಾಸಿಕ ವಾಹನಗಳು, ರಸ್ತೆ ತೆರಿಗೆಯೂ ಇಲ್ಲ. ನಮ್ಮ ಬೀದಿಯ ಸಿಎಕ್ಸ್‌ಗೆ ನಲವತ್ತು ತುಂಬಿದಾಗ, ಅಗ್ನಿಶಾಮಕ ಸಿಲಿಂಡರ್ ಹೊತ್ತ ಆ ಗಾಡಿ ಒಂದು ದಿನ ಏಕಾಏಕಿ ಇತಿಹಾಸವಾಯಿತು. ಇನ್ನು ತಪಾಸಣೆಯ ತಂಟೆ ತಪ್ಪಿತಲ್ಲ ಎಂದು ನಾನು ಹೇಳಿದೆ. ಆತ ಇಲ್ಲವೆಂಬಂತೆ ತಲೆಯಾಡಿಸಿದ. ಕಾನೂನು ಕೇಳದಿದ್ದರೂ ವರ್ಷಕ್ಕೊಮ್ಮೆ ತಾನಾಗಿ ಒಯ್ದು ತೋರಿಸುತ್ತಿದ್ದ, ಕಣ್ಣಿಗೆ ರೂಢಿಯಾದ ದೋಷ ತನಗೆ ಕಾಣುವುದಿಲ್ಲ ಎಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮೊದಲು ನಕ್ಕ, ಆಮೇಲೆ ಇನ್ನೊಮ್ಮೆ ಹೇಳಿಸಿಕೊಂಡ.

ಆ ವರ್ಷದ ತಪಾಸಣೆಯ ಹಿಂದಿನ ಸಂಜೆ ಒಂದು ಬಕೆಟ್ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದ. ಚೌಕಟ್ಟಿನ ನಂಬರನ್ನು ಉಜ್ಜಿದ. ಬ್ರೇಕಿನ ಪೈಪನ್ನು ಉದ್ದಕ್ಕೂ ಒರೆಸಿದ. ಹಿಂದಿನ ದೀಪದ ಗಾಜು, ನಂಬರ್ ಪ್ಲೇಟು, ಟೈರಿನ ಪಕ್ಕದ ಬರಹ. ಅಷ್ಟಕ್ಕೆ ನೀರು ಕಪ್ಪಾಯಿತು. ಉಳಿದದ್ದನ್ನು ಚರಂಡಿಗೆ ಚೆಲ್ಲಿ ಎದ್ದ. ಟ್ಯಾಂಕಿನ ಮೇಲೆ ಒಣಗಿದ್ದ ಪಾರಿವಾಳದ ಹಿಕ್ಕೆಯನ್ನು ಮುಟ್ಟಲಿಲ್ಲ.